ಕಡಲೆ ಚೀಲದೊಳಗಿನ ನಾಡಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಗುತ್ತಿದ್ದವನು. ಬರೀ ನಗುವುದಲ್ಲ, ಹೇಳಿದವರ ಮುಖದ ನೀರಿಳಿಸಿ ಕಳಿಸುತ್ತಿದ್ದೆ. ನಾವು ಬೌದ್ಧರು. ದೆವ್ವ, ಗಾಳಿ, ಮಾಟ ಇವಕ್ಕೆ ನಮ್ಮಪ್ಪ ಮನೆಯೊಳಗೆ ಕಾಲಿಡಲು ಬಿಟ್ಟವನಲ್ಲ. ಕುಬಿಹಾಳದ ಶಾಲೆಯಲ್ಲಿ ಮಾಸ್ತರನಾಗಿದ್ದ ಅವನು, ಯಾವುದನ್ನೇ ನಂಬುವ ಮೊದಲು ಮೂರು ಸಲ ಪರೀಕ್ಷೆ ಮಾಡಿ ನೋಡು ಎಂದು ಹೇಳಿಯೇ ನಮ್ಮನ್ನು ಬೆಳೆಸಿದ. ಊರಲ್ಲಿ ಯಾರಿಗಾದರೂ ಮೈಮೇಲೆ ದೇವರು ಬಂದರೆ ನಾನು ಹೋಗಿ ಅವರ ಮುಂಗೈ ಹಿಡಿದು ನಾಡಿ ಎಣಿಸಿ, "ಎಪ್ಪತ್ತೆರಡು ಐತಿ, ದೇವರಿಗೇನೂ ಧಾವತಿ ಇಲ್ಲ" ಎಂದು ಹೇಳಿ ಬೈಸಿಕೊಂಡು ಬರುತ್ತಿದ್ದೆ.

ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ಇಂಥ ಕತೆ ಹೇಳುವವರು ಸಾಮಾನ್ಯವಾಗಿ ಅಮಾವಾಸ್ಯೆಯ ರಾತ್ರಿಯನ್ನೋ, ಒಂಟಿ ದಾರಿಯನ್ನೋ ತರುತ್ತಾರೆ. ನನ್ನದು ಕೆಲವು ವರ್ಷಗಳ ಹಿಂದಿನ ಒಂದು ಮಟಮಟ ಮಧ್ಯಾಹ್ನ. ಅಂಗಳದ ತುಂಬ ಬಿಸಿಲಿತ್ತು, ಮಗ್ಗುಲಲ್ಲಿ ಹೆಂಡತಿಯಿದ್ದಳು. ನಾನು ಕುಡಿದಿರಲಿಲ್ಲ, ಜ್ವರವೂ ಇರಲಿಲ್ಲ.

ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಹೃದಯ ವಿಭಾಗದಲ್ಲಿ ನರ್ಸ್. ಗಂಡಸು ನರ್ಸುಗಳನ್ನು ನಮ್ಮ ಕಡೆ ಬ್ರದರ್ ಎನ್ನುತ್ತಾರೆ. ಅಜ್ಜಿಯಂದಿರಿಗೂ ನಾನು ಬ್ರದರ್ರೇ. ಎದೆ ಕೊಯ್ಯದೆ, ತೊಡೆಯ ಸಂದಿನಲ್ಲಿರುವ ದೊಡ್ಡ ರಕ್ತನಾಳಕ್ಕೆ ತೂತು ಮಾಡಿ, ಅಲ್ಲಿಂದ ಸಣ್ಣ ಕೊಳವೆ ತೂರಿಸಿ ಹೃದಯದವರೆಗೆ ಹೋಗಿ ರಿಪೇರಿ ಮುಗಿಸಿ ಬರುವುದು ಈಗ ದಿನನಿತ್ಯದ ಮಾತು. ಹೋಗಿ ಬರುವುದು ಡಾಕ್ಟರರ ಕೆಲಸ. ಅವರು ಹೊಕ್ಕ ಬಾಗಿಲನ್ನು ಮುಚ್ಚುವ ಕೆಲಸ ನನ್ನಂಥವರದು. ಕೊಳವೆ ಎಳೆದ ಕೂಡಲೇ ಆ ತೂತಿನ ಮೇಲೆ ಮೂರು ಬೆರಳಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ರಕ್ತ ನಿಲ್ಲುವವರೆಗೆ ಒತ್ತಿ ಹಿಡಿಯಬೇಕು. ಕೆಲವರಿಗೆ ಚರ್ಮದ ಮೇಲೆ ಎಂಟರ ಆಕಾರದ ಒಂದು ಹೊಲಿಗೆ ಹಾಕಿ ಬಿಗಿದು, ಮರುದಿನ ಬಿಚ್ಚುತ್ತೇವೆ. ಬೇರೆ ಸಾಧನಗಳೂ ಬಂದಿವೆ. ಆದರೆ ಎಲ್ಲವೂ ಕೈಕೊಟ್ಟಾಗ ಕೊನೆಗೆ ಕೈಯೇ ಬೇಕು.

ಒತ್ತುವುದು ಎಂದರೆ ಬರೀ ಬಲವಲ್ಲ. ನಾವು ಮುಚ್ಚುವ ನಾಳದ ಮಗ್ಗುಲಲ್ಲೇ ನಾಡಿ ಬಡಿಯುವ ಇನ್ನೊಂದು ನಾಳ ಇರುತ್ತದೆ. ಆ ಬಡಿತ ಬೆರಳಿನ ಅಂಚಿಗೆ ಸದಾ ತಾಗುತ್ತಿರಬೇಕು. ಅದು ತಾಗದಿದ್ದರೆ ನೀವು ಹೆಚ್ಚು ಒತ್ತಿ ಕಾಲಿಗೆ ಹೋಗುವ ರಕ್ತವನ್ನೇ ತಡೆಯುತ್ತಿದ್ದೀರಿ ಎಂದರ್ಥ. ಇನ್ನೊಂದು ಕಟ್ಟಳೆ, ನಡುವೆ ಕೈ ಎತ್ತಿ ನೋಡಬಾರದು. ನಿಂತಿದೆಯೋ ಇಲ್ಲವೋ ಎಂದು ಇಣುಕಿದರೆ ಅದುವರೆಗೆ ಕಟ್ಟಿದ್ದೆಲ್ಲ ಕಿತ್ತುಹೋಗುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಒಬ್ಬರು, "ಅನ್ನ ಬೆಂದೈತೋ ಇಲ್ಲೋ ಅಂತ ಗಳಿಗಿಗೊಮ್ಮೆ ಮುಚ್ಚಳಾ ತಗಿಯೋರು ಈ ಕೆಲಸಕ್ಕ ಬರಬ್ಯಾಡ್ರಿ" ಎನ್ನುತ್ತಿದ್ದರು. ನಾನು ತೆಗೆಯುತ್ತಿರಲಿಲ್ಲ. ಎಂಥ ತೆಳು ರಕ್ತದವರಾದರೂ ನನ್ನ ಬೆರಳ ಕೆಳಗೆ ನಿಲ್ಲುತ್ತಿತ್ತು. ಅದಕ್ಕೇ ವಾರ್ಡಿನವರು ನನಗೆ ಬೂಚು, ಅಂದರೆ ಬಾಟಲಿಯ ಬಿರಡೆ, ಎಂದು ಹೆಸರಿಟ್ಟಿದ್ದರು. ಎಲ್ಲಾದರೂ ಜಿನುಗತೊಡಗಿದರೆ, "ಬೂಚನ್ನ ಕರೀರಿ" ಎಂದು ಕೂಗು ಬರುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಆ ಹೆಸರಿನ ಮೇಲೆ ಒಳಗೊಳಗೇ ಹೆಮ್ಮೆ ಇತ್ತು.

ನೀಲವ್ವ ಎಂಬ ಹೆಂಗಸಿಗಾಗಿ ಕರೆದದ್ದೂ ಹಾಗೆಯೇ. ಗುಡಗೇರಿಯವಳು, ಐವತ್ತರ ಆಸುಪಾಸು. ಚಿಕ್ಕಂದಿನಲ್ಲಿ ಬಂದ ಕೀಲುಬೇನೆಯ ಜ್ವರ ಆಕೆಯ ಹೃದಯದ ಒಂದು ಕವಾಟವನ್ನು ಕುಗ್ಗಿಸಿಬಿಟ್ಟಿತ್ತು. ಡಾಕ್ಟರರು ತೊಡೆಯಿಂದ ಬಲೂನು ಕಳಿಸಿ ಅದನ್ನು ಅಗಲಿಸಿದ್ದರು. ಕೆಲಸ ಚೆನ್ನಾಗಿಯೇ ಆಗಿತ್ತು. ಆದರೆ ಬಲೂನಿಗೆ ಬೇಕಾಗುವ ತೂತು ದೊಡ್ಡದು, ಮೇಲಾಗಿ ಆಕೆ ರಕ್ತ ತೆಳುವಾಗುವ ಗುಳಿಗೆ ನುಂಗುತ್ತಿದ್ದವಳು. ಹೊಲಿಗೆ ಹಾಕಿ ಬಿಗಿದರೂ ಜಿನುಗುವುದು ನಿಲ್ಲಲಿಲ್ಲ. ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಸಿಸ್ಟರುಗಳೇ ಒತ್ತುತ್ತಾರೆ. ಆವತ್ತು ಇಬ್ಬರು ಸಿಸ್ಟರುಗಳ ಕೈ ಸೋತ ಮೇಲೆ ನನ್ನನ್ನು ಕರೆದರು.

ಒಂದು ತಾಸಿಗೂ ಮಿಕ್ಕಿ ಹಿಡಿದೆ. ಮೊದಲು ಆಕೆ ನಾಚಿಕೆಯಿಂದ ಸೆರಗು ಮುಖದ ಮೇಲೆ ಎಳೆದುಕೊಂಡು ಮಲಗಿದ್ದಳು. ಆಮೇಲೆ ಸೆರಗು ಸರಿಸಿ, "ತಮ್ಮಾ, ನಿನ್ನ ಕೈ ನೋಯೂದಿಲ್ಲೇನೋ?" ಎಂದಳು. ಆಮೇಲೆ ಮಾತಿಗೆ ಹತ್ತಿದಳು. ಹೆಣ್ಣುಮಕ್ಕಳಿಬ್ಬರನ್ನು ಕೊಟ್ಟ ಊರು, ಮನೆಯ ಹಿಂದಿನ ರೈಲು ಹಳಿ, ಕೊರಳಿನ ಲಿಂಗವನ್ನು ಬಿಚ್ಚಿಸಿ ಗಂಡನ ಕೈಗೆ ಕೊಟ್ಟಿದ್ದು, ಪೂಜೆ ಇಲ್ಲದೆ ಎರಡು ದಿನದಿಂದ ಊಟ ಗಂಟಲಲ್ಲಿ ಇಳಿಯದಿದ್ದದ್ದು, ಎಲ್ಲ ಹೇಳಿದಳು. ನಾನು ಹೂಂಗುಟ್ಟುತ್ತಿದ್ದೆ. ನನ್ನ ಗಮನವೆಲ್ಲ ಬೆರಳ ಅಂಚಿನಲ್ಲಿತ್ತು. ಆಕೆಯ ನಾಡಿಗೆ ತಾಳವೇ ಇರಲಿಲ್ಲ. ಮೂರು ಬಡಿತ ಅವಸರದಲ್ಲಿ, ಒಂದು ತಡವಾಗಿ, ಆಮೇಲೆ ಬಂದೀತೋ ಬಾರದೋ ಎನ್ನುವಂತೆ ಇನ್ನೊಂದು. ಈ ಕಾಯಿಲೆಯ ಬಹಳ ಜನರಿಗೆ ಬಡಿತ ಹೀಗೆ ದಿಕ್ಕುತಪ್ಪುತ್ತದೆ. ಆದರೂ ಒಂದು ತಾಸು ಹಿಡಿದ ಮೇಲೆ ಒಬ್ಬೊಬ್ಬರ ನಡಿಗೆ ಗುರುತು ಸಿಗುವಂತೆ ಅದೂ ಗುರುತು ಸಿಗುತ್ತದೆ. ಕಣ್ಣು ಕಟ್ಟಿ ನೂರು ಜನರ ನಡುವೆ ಬಿಟ್ಟರೂ ಅದನ್ನು ನಾನು ಹುಡುಕುತ್ತಿದ್ದೆ.

ಮೂರನೆಯ ದಿನ ಹೊಲಿಗೆ ಬಿಚ್ಚಿ ಮನೆಗೆ ಕಳಿಸುವಾಗ ಎಚ್ಚರಿಕೆಗಳನ್ನು ಹೇಳಿದವನೂ ನಾನೇ. ಒಂದು ವಾರ ಭಾರ ಎತ್ತಬೇಡಿ, ಕುಕ್ಕರಗಾಲಲ್ಲಿ ಕೂಡಬೇಡಿ, ಹೊಲಕ್ಕೆ ಹೋಗಬೇಡಿ, ರಕ್ತ ಕಂಡರೆ ಮಲಗಿ ಅರಿವೆ ಒತ್ತಿ ನಮಗೆ ಫೋನ್ ಮಾಡಿ. ಗಂಡ ರುದ್ರಪ್ಪನವರು ತಲೆ ಆಡಿಸುತ್ತ ಕೇಳಿಸಿಕೊಂಡರು. ನೀಲವ್ವ ಕೇಳಿದ್ದು ಒಂದೇ ಪ್ರಶ್ನೆ.

"ಪೂಜಾ ಮಾಡಬೌದಲ್ಲೋ ತಮ್ಮಾ?"

"ಧಾರಾಳ ಮಾಡ್ರಿ ಅವ್ವಾರ. ಪೂಜಾಕ್ಕ ಯಾರ ಬ್ಯಾಡಂತಾರ?" ಎಂದೆ.

ಹಾಗೆನ್ನುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮ ಮನೆ. ಬುದ್ಧನ ಫೋಟೊದ ಮುಂದೆ ಮೇಣದಬತ್ತಿ ಹಚ್ಚಿ, ನಿಂತು ಕೈಮುಗಿದು ಬರುವುದು. ಪೂಜೆ ಎಂದರೆ ಎಲ್ಲರಿಗೂ ಅಷ್ಟೇ ಎಂದುಕೊಂಡಿದ್ದೆ. ಅವರ ಮನೆಗಳಲ್ಲಿ ಪೂಜೆಗೆ ಹೇಗೆ ಕೂಡುತ್ತಾರೆ, ಎಷ್ಟು ಹೊತ್ತು ಕೂಡುತ್ತಾರೆ ಎಂಬುದನ್ನು ನಾನು ಹೊಸ್ತಿಲ ಒಳಗೆ ಹೋಗಿ ನೋಡಿದವನಲ್ಲ.

ಮರುದಿನ ನನಗೆ ರಜೆ. ನನ್ನ ಹೆಂಡತಿ ಸುಜಾತಾ ಅಂಗನವಾಡಿ ಟೀಚರ್, ಆಕೆಗೂ ರಜೆಯಿತ್ತು. ನಮ್ಮ ಹೊಲದ ಕಡಲೆ ಒಕ್ಕಿ ತಂದು ಕುಬಿಹಾಳದ ಮನೆಯ ಅಂಗಳದಲ್ಲಿ ಚೀಲಕ್ಕೆ ತುಂಬಿದ್ದೆವು. ಬಾಯಿ ಹೊಲಿಯುವುದೊಂದು ಬಾಕಿ. ನಾನು ಚೀಲದ ಬಾಯಿ ಮಡಚಿ ಎರಡೂ ಕೈಯಿಂದ ಅದುಮಿ ಹಿಡಿಯುವುದು, ಆಕೆ ದಬ್ಬಣಕ್ಕೆ ಸುತಳಿ ಪೋಣಿಸಿ ಹೊಲಿಯುವುದು. ಎರಡು ಚೀಲ ಮುಗಿದವು. ಮೂರನೆಯದನ್ನು ಅದುಮಿದಾಗ ನನ್ನ ಬಲಗೈ ಬೆರಳುಗಳ ಕೆಳಗೆ ಏನೋ ಮಿಡಿಯಿತು.

"ಇಲಿ ಹೊಕ್ಕೈತಿ," ಎಂದೆ.

ಸುಜಾತಾ ಚೀಲಕ್ಕೆ ಒಂದು ಒದೆ ಕೊಟ್ಟಳು. ಏನೂ ಓಡಾಡಲಿಲ್ಲ. ಮತ್ತೆ ಕೈಯಿಟ್ಟೆ. ಮತ್ತೆ ಮಿಡಿಯಿತು. ಇಲಿ ಅಲ್ಲ. ಇಲಿ ಹರಿದಾಡುತ್ತದೆ, ಇದು ಇದ್ದಲ್ಲೇ ಬಡಿಯುತ್ತಿತ್ತು. ಬಾಯಿ ಬಿಚ್ಚಿ ಮೊಣಕೈ ತನಕ ಕೈ ಇಳಿಸಿದೆ. ತಣ್ಣಗಿನ ಕಡಲೆ ಕಾಳು. ಅದರ ನಡುವೆಯೂ ಬಡಿತ. ಯಾವ ಕಡೆ ಕೈ ತಿರುಗಿಸಿದರೂ ಅದೇ ಮೂರು ಬೆರಳಿಗೆ ತಾಗುತ್ತಿತ್ತು. ಕೈ ತೆಗೆದು ಬಾಗಿಲ ಚೌಕಟ್ಟಿನ ಮೇಲಿಟ್ಟೆ. ಅಲ್ಲೂ ಇತ್ತು. ನೀರಿನ ಕೊಡದ ಮೇಲಿಟ್ಟೆ, ಕಟ್ಟೆಯ ಕಲ್ಲಿನ ಮೇಲಿಟ್ಟೆ. ಬಿಸಿಲಿಗೆ ಕಾದ ಕಲ್ಲು ನನ್ನ ಬೆರಳ ಕೆಳಗೆ ಮಿಡಿಯುತ್ತಿತ್ತು.

ಇದು ನನ್ನದೇ ನಾಡಿ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ. ಬೆರಳ ತುದಿಯಲ್ಲಿ ಕೆಲವೊಮ್ಮೆ ನಮ್ಮದೇ ಬಡಿತ ತಾಗುವುದುಂಟು. ಎಡಗೈ ಬೆರಳನ್ನು ಕೊರಳಿಗೆ ಹಚ್ಚಿ ನನ್ನ ನಾಡಿ ನೋಡಿದೆ. ಜೋರಾಗಿತ್ತು, ಆದರೆ ಗಡಿಯಾರದ ಹಾಗೆ ಸರಿಯಾಗಿತ್ತು. ಅದೇ ಹೊತ್ತಿಗೆ ಬಲಗೈಯ ಕೆಳಗೆ ಬೇರೆಯೇ ನಡೆದಿತ್ತು. ಅಪ್ಪ ಹೇಳಿಕೊಟ್ಟ ಹಾಗೆ ಮೂರು ಸಲ ನೋಡಿದೆ. ಮೂರು ಸಲವೂ ಎಡಗೈಗೆ ನಾನು ಸಿಕ್ಕೆ, ಬಲಗೈಗೆ ಇನ್ಯಾರೋ ಸಿಕ್ಕರು. ಮೂರು ಅವಸರದಲ್ಲಿ, ಒಂದು ತಡವಾಗಿ, ಆಮೇಲೆ ಬಂದೀತೋ ಬಾರದೋ ಎನ್ನುವಂತೆ ಇನ್ನೊಂದು.

ಯಾರದೆಂದು ತಿಳಿಯಿತು. ತಿಳಿದ ಕ್ಷಣವೇ ಬೆರಳುಗಳಿಗೆ ಬೆಚ್ಚಗೆ ಒದ್ದೆಯಾದ ಹಾಗಾಯಿತು. ಎತ್ತಿ ನೋಡಿದರೆ ಒಣ ಬೆರಳು, ಕಡಲೆಯ ಧೂಳು ಅಷ್ಟೇ. ಮತ್ತೆ ಚೀಲದ ಮೇಲಿಟ್ಟರೆ ಒದ್ದೆ. ರಕ್ತ ಕೈಗೆ ಹೇಗೆ ಹತ್ತುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನಗೆ ಗೊತ್ತಿಲ್ಲದ ಹಾಗೆಯೇ ಎಡಗೈ ಬಲಗೈಯ ಮೇಲೆ ಹೋಗಿ ಕೂತಿತ್ತು, ಮೈಭಾರವೆಲ್ಲ ಹಾಕಿ ಚೀಲವನ್ನು ಒತ್ತುತ್ತಿದ್ದೆ. ಒತ್ತಿದಾಗ ಒದ್ದೆ ನಿಂತಿತು, ಬಡಿತ ಸ್ವಲ್ಪ ಗಟ್ಟಿಯಾಯಿತು. ಸಡಿಲಿಸಿದರೆ ಮತ್ತೆ ಹರಿಯಿತು. ನಿಮಗೆ ನಗು ಬರಬಹುದು. ಕಡಲೆ ಚೀಲದ ಮೇಲೆ ಬಾಗಿ, ಕೈ ಬಿಟ್ಟರೆ ಒಂದು ಜೀವ ಹೋಗುತ್ತದೆಂದು ನಾನು ನಿಂತಿದ್ದೆ.

ಸುಜಾತಾಗೆ ಹೇಳಿದೆ. ಆಕೆ ನನ್ನ ಹಣೆ ಮುಟ್ಟಿ ನೋಡಿದಳು.

"ಮೂರ ದಿನಾ ಡ್ಯೂಟಿ ಮ್ಯಾಲ ಡ್ಯೂಟಿ ಮಾಡೀರಿ. ತಲಿ ಕೆಟ್ಟೈತಿ ನಿಮಗ. ಒಳಗ ಹೋಗಿ ಮಲಕೋರಿ."

"ಮೊದಲ ವಾರ್ಡಿಗೆ ಫೋನ್ ಹಚ್ಚ," ಎಂದೆ.

ನನ್ನ ಕೈ ಬಿಡುವಂತಿರಲಿಲ್ಲ, ಆಕೆಯೇ ಹಚ್ಚಿದಳು. ವಾರ್ಡಿನಿಂದ ರುದ್ರಪ್ಪನವರ ನಂಬರು ಸಿಕ್ಕಿತು. ಮೂರು ಸಲ ಪೂರ್ತಿ ರಿಂಗಾಗಿ ನಿಂತಿತು, ಯಾರೂ ಎತ್ತಲಿಲ್ಲ. ಆವತ್ತು ಗುಡಗೇರಿಯ ಸಂತೆ. ಸಂತೆಯ ಗದ್ದಲದಲ್ಲಿ ಅವರ ಕಿಸೆಯೊಳಗೇ ಫೋನು ಬಡಿದುಕೊಳ್ಳುತ್ತಿತ್ತು ಎಂದು ಆಮೇಲೆ ತಿಳಿಯಿತು. ಅಂಬುಲೆನ್ಸಿಗೆ ಹೇಳೋಣವೆಂದರೆ ಏನೆಂದು ಹೇಳುವುದು? ಪೇಷಂಟಿಗೆ ಏನಾಗಿದೆ, ನೀವು ಎಲ್ಲಿದ್ದೀರಿ ಎಂದು ಅವರು ಕೇಳುತ್ತಾರೆ. ನಾನು ಕುಬಿಹಾಳದ ಅಂಗಳದಲ್ಲಿದ್ದೆ.

"ಗುಡಗೇರಿಗೆ ಹೋಗೂಣು. ನೀ ಗಾಡಿ ಹೊಡಿ, ನಾ ಹಿಂದ ಕೂಡತೀನಿ," ಎಂದೆ.

"ಮಂದಿ ಯಾಕ ಬಂದ್ರಿ ಅಂತ ಕೇಳಿದ್ರ ಏನ್ ಹೇಳೂಣ್ರಿ? ಕಡ್ಲಿ ಚೀಲ ಹೇಳಿ ಕಳಿಸ್ತು ಅಂತನ?"

ಹಾಗೆಂದವಳು ನನ್ನ ಮುಖ ನೋಡಿದಳು. ಏನು ಕಂಡಿತೋ, ಸ್ಕೂಟಿಯ ಕೀಲಿ ತಂದಳು. ನಮ್ಮ ಹದಿನಾಲ್ಕು ವರ್ಷದ ಸಂಸಾರದಲ್ಲಿ ಆಕೆ ವಾದವನ್ನು ಅರ್ಧಕ್ಕೆ ಬಿಟ್ಟದ್ದು ಅದೊಂದೇ ಸಲ ಇರಬೇಕು.

ಚೀಲದಿಂದ ಕೈ ತೆಗೆದು ಸ್ಕೂಟಿಯ ಸೀಟಿಗೆ ಹಚ್ಚುವವರೆಗಿನ ಹತ್ತು ಹೆಜ್ಜೆಯನ್ನು ಓಡಿಯೇ ದಾಟಿದೆ. ಸೀಟಿನ ಮೇಲೆ, ಆಕೆಯ ಬೆನ್ನಿಗೂ ನನಗೂ ನಡುವೆ ಮೂರು ಬೆರಳಿಟ್ಟು ಒತ್ತಿದೆ. ಬಡಿತ ಸಿಕ್ಕಿತು. ಅರ್ಧ ತಾಸಿನ ದಾರಿ. ಎರಡೂ ಬದಿಗೆ ಪೀಕು ತೆಗೆದ ಬೋಳು ಎರೆಹೊಲ, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಗಾಡಿ ತಗ್ಗಿಗೆ ಬಿದ್ದು ಕೈ ಅಲುಗಿದಾಗಲೆಲ್ಲ ಬೆರಳಿಗೆ ಒದ್ದೆಯಾಗುತ್ತಿತ್ತು. ಬಡಿತ ಬರಬರುತ್ತ ತೀವ್ರವಾಗಿ, ತೆಳ್ಳಗಾಗಿ, ನೂಲಿನಂತಾಗುತ್ತಿತ್ತು. ರಕ್ತ ಹೋದವರ ನಾಡಿ ಹಾಗೆಯೇ ಆಗುವುದು. "ಲಗು ಹೊಡಿ, ಲಗು ಹೊಡಿ," ಎಂದು ಎಷ್ಟು ಸಲ ಹೇಳಿದೆನೋ. ಅಷ್ಟು ಹೆದರಿಕೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಸುಳ್ಳಾದರೆ ನನಗೆ ಹುಚ್ಚು, ನಿಜವಾದರೆ ಅದಕ್ಕಿಂತ ಕೆಟ್ಟದ್ದು. ಎರಡರಲ್ಲಿ ಯಾವುದು ಬೇಕೆಂದು ಬೇಡಿಕೊಳ್ಳುವುದೂ ತಿಳಿಯಲಿಲ್ಲ.

ಊರು ಹತ್ತಿರ ಬಂತು, ರೈಲ್ವೆ ಗೇಟು ಹಾಕಿತ್ತು.

ಈಗ ಹೇಳುವುದನ್ನು ನಾನು ಯಾರಿಗೂ ಹೇಳಿಲ್ಲ. ಗೇಟಿನ ಮುಂದೆ ನಾಲ್ಕಾರು ಗಾಡಿ ನಿಂತಿದ್ದವು. ನಮ್ಮ ಮಗ್ಗುಲಲ್ಲಿ ಒಂದು ಟ್ರ್ಯಾಕ್ಟರು, ಅದರ ಮೇಲೆ ಸಂತೆಗೆ ಹೊರಟ ನಾಲ್ಕು ಮಂದಿ. ಸುಜಾತಾ ಗಾಡಿ ಸ್ಟ್ಯಾಂಡಿಗೆ ಹಾಕಿ, ರೈಲು ಎಲ್ಲಿಗೆ ಬಂತೆಂದು ನೋಡಲು ಮುಂದೆ ಹೋದಳು. ನಾನು ಕೆಳಗಿಳಿದು, ಸೀಟಿನ ಮೇಲೆ ಬಾಗಿ, ಎರಡೂ ಕೈಯಿಂದ ಒತ್ತಿಕೊಂಡು ನಿಂತೆ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಟ್ರ್ಯಾಕ್ಟರಿನವನು ಸ್ವಲ್ಪ ಹೊತ್ತು ನೋಡಿದ.

"ಯಾಕ್ರಿ ಸಾಹೇಬ್ರ, ಸೀಟಿಗೆ ತೂತ ಬಿದ್ದೈತೇನ್ರಿ? ಗಾಳಿ ಹೊಂಟೈತೇನ?"

ಹಿಂದೆ ಕೂತವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ. ನನ್ನ ಕೈ ನನಗೇ ಕಾಣಿಸಿತು. ಓದಿದ ಮನುಷ್ಯ, ಮಾಸ್ತರನ ಮಗ, ಹಾಡುಹಗಲು ನಡುರಸ್ತೆಯಲ್ಲಿ ಸ್ಕೂಟಿಯ ಸೀಟಿನ ನಾಡಿ ಹಿಡಿದು ನಿಂತಿದ್ದೇನೆ. ರೈಲು ದೂರದಿಂದ ಕೂಗಿತು. ಇದಕ್ಕೊಂದು ಪರೀಕ್ಷೆ ಆಗಲೇಬೇಕು, ಪೂರ್ತಿ ಬಿಟ್ಟು ನೋಡೋಣ, ಏನೂ ಇಲ್ಲವೆಂದಾದರೆ ಇಲ್ಲಿಂದಲೇ ಮನೆಗೆ ಹೋಗೋಣ ಎಂದು ಮನಸ್ಸಿಗೆ ಹೇಳಿಕೊಂಡು ಎರಡೂ ಕೈ ಎತ್ತಿಬಿಟ್ಟೆ.

ಗೂಡ್ಸ್ ಗಾಡಿ ಬಂತು. ಮುಗಿಯದಷ್ಟು ಡಬ್ಬಿಗಳು. ನಾನು ಕೈಗಳನ್ನು ಪ್ಯಾಂಟಿನ ಕಿಸೆಯಲ್ಲಿಟ್ಟುಕೊಂಡು, ಎಲ್ಲರ ಹಾಗೆ ರೈಲು ನೋಡುತ್ತ ನಿಂತೆ. ಬೆರಳಿಗೆ ಏನೂ ತಾಗುತ್ತಿರಲಿಲ್ಲ. ಒಂದು ರೀತಿಯ ಹಗುರವೂ ಆಯಿತು. ಅದನ್ನು ಮುಚ್ಚಿಡುವುದಿಲ್ಲ, ನಿಜವಾಗಿ ಹಗುರವಾಯಿತು. ಕೊನೆಯ ಡಬ್ಬಿ ಹೋಗಿ ಗೇಟು ಎದ್ದಿತು. ಸುಜಾತಾ ಓಡಿಬಂದು ಗಾಡಿ ಚಾಲೂ ಮಾಡಿದಳು. ಹಿಂದೆ ಕೂತು ಸೀಟಿನ ಮೇಲೆ ಬೆರಳಿಟ್ಟೆ.

ಬಡಿತ ಇರಲಿಲ್ಲ. ಒದ್ದೆ ಮಾತ್ರ ಇತ್ತು. ಮುಂಗೈವರೆಗೆ ಬೆಚ್ಚಗೆ ಒದ್ದೆ.

ಮೈಯೆಲ್ಲ ಹಾಕಿ ಒತ್ತಿದೆ. ಎಷ್ಟೋ ಹೊತ್ತಿನ ಮೇಲೆ, ಬಹಳ ಆಳದಲ್ಲಿ, ಸೊಳ್ಳೆ ಕೂತ ಹಾಗೆ ಒಂದು ಸಣ್ಣ ತಾಗು ಬಂತು. ಆಮೇಲೆ ಇನ್ನೊಂದು. ನಾನು ಅತ್ತುಬಿಟ್ಟೆ. ಸುಜಾತಾ ಹಿಂದೆ ತಿರುಗಿ ನೋಡಿ ಏನೋ ಕೇಳಿದಳು, ಮುಂದೆ ಹೊಡಿ ಎಂದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ, ಹಿಂದೆಯೇ ರೈಲು ಹಳಿ ಎಂದು ಆಕೆಯೇ ಹೇಳಿದ್ದಳಲ್ಲ. ಬಾಗಿಲು ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಕೂಗಿದೆವು, ಒಳಗಿಂದ ಉತ್ತರವಿಲ್ಲ. ನಡುಮನೆ ದಾಟಿದರೆ ಪೂಜೆಯ ಕೋಣೆ. ನೀಲವ್ವ ಮಣೆಯ ಮೇಲೆ ಎರಡೂ ಕಾಲು ಮಡಚಿ ಪಟಗಾಲು ಹಾಕಿ ಕೂತಿದ್ದಳು. ಬೆನ್ನು ಗೋಡೆಗೆ ಒರಗಿತ್ತು. ಹಣೆಯ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಮೈ ತೊಳೆದು ಉಟ್ಟ ಒದ್ದೆ ಸೀರೆ. ಸೊಂಟದಿಂದ ಕೆಳಗೆ ಆ ಸೀರೆಯ ಬಣ್ಣ ಬೇರೆಯಾಗಿತ್ತು, ಮಣೆಯಿಂದ ನೆಲಕ್ಕೂ ಇಳಿದಿತ್ತು. ಒದ್ದೆ ಅರಿವೆಯಲ್ಲಿ ಕೂತವಳಿಗೆ ಯಾವ ಒದ್ದೆ ಯಾವುದೆಂದು ಮೊದಲು ಗೊತ್ತೇ ಆಗಿರಲಿಕ್ಕಿಲ್ಲ. ಕುಕ್ಕರಗಾಲು ಬೇಡ ಎಂದಿದ್ದೆ, ಪಟಗಾಲಿನ ಮಾತು ಎತ್ತಿರಲಿಲ್ಲ. ಧಾರಾಳ ಮಾಡ್ರಿ ಎಂದವನು ನಾನು.

ಆ ಹೊಸ್ತಿಲಲ್ಲಿ ಅರ್ಧ ಕ್ಷಣ ನಿಂತೆ. ನಮ್ಮಂಥವರ ಕಾಲು ಅಂಥ ಹೊಸ್ತಿಲಲ್ಲಿ ತಾನಾಗಿಯೇ ನಿಲ್ಲುತ್ತದೆ. ಸುಜಾತಾ ನನ್ನನ್ನು ಹಿಂದಿನಿಂದ ನೂಕಿದಳು. ಆಕೆಯೇ ಮುಂದೆ ಹೋಗಿ, ಅಂಗೈಯಲ್ಲಿದ್ದ ಲಿಂಗವನ್ನು ಎರಡೂ ಕೈಯಿಂದ ಎತ್ತಿ ಬೆಳ್ಳಿಯ ಕರಡಿಗೆಯಲ್ಲಿಟ್ಟಳು. ನಾನು ನೀಲವ್ವನನ್ನು ನೆಲಕ್ಕೆ ಮಲಗಿಸಿ, ಕಾಲು ನೆಟ್ಟಗೆ ಮಾಡಿ, ತೂತಿದ್ದಲ್ಲಿ ಬೆರಳಿಟ್ಟು ಒತ್ತಿದೆ. ಆ ಹೊತ್ತಿನ ಅನುಭವವನ್ನು ಹೇಗೆ ಹೇಳುವುದೋ ತಿಳಿಯದು. ಬೆರಳಿಗೆ ಹೊಸದೇನೂ ತಾಗಲಿಲ್ಲ. ಸೀಟಿನ ಮೇಲೆ ಯಾವ ಬಡಿತ ನಡೆದಿತ್ತೋ ಅದೇ, ನಡುವೆ ಒಂದೂ ತಪ್ಪದ ಹಾಗೆ, ಆಕೆಯ ಮೈಯಲ್ಲಿ ಮುಂದುವರಿಯಿತು.

ಸುಜಾತಾ ಅಂಬುಲೆನ್ಸಿಗೆ ಫೋನ್ ಮಾಡಿದಳು. ಅದು ಬರುವವರೆಗೆ, ಆಮೇಲೆ ಹುಬ್ಬಳ್ಳಿ ಮುಟ್ಟುವವರೆಗೆ ನಾನು ಕೈ ತೆಗೆಯಲಿಲ್ಲ. ಸಂತೆಯ ಚೀಲ ಹಿಡಿದುಕೊಂಡೇ ಅಂಬುಲೆನ್ಸು ಹತ್ತಿದ ರುದ್ರಪ್ಪನವರು ದಾರಿಯುದ್ದಕ್ಕೂ ಹೆಂಡತಿಯ ಪಾದ ಹಿಡಿದುಕೊಂಡು ಕೂತಿದ್ದರು. ರಕ್ತ ಕೊಟ್ಟರು, ಮತ್ತೊಂದು ಹೊಲಿಗೆ ಹಾಕಿದರು. ಎರಡು ದಿನ ಉಳಿದಾಳೋ ಇಲ್ಲವೋ ಎನ್ನುವಂತಿತ್ತು. ಮೂರನೆಯ ದಿನ ಆಕೆ ಗಂಜಿ ಕುಡಿದಳು.

ನೀನು ಅಲ್ಲಿಗೆ ಹೇಗೆ ಹೋದೆ ಎಂದು ಡಾಕ್ಟರರು ಕೇಳಿದರು. ಆ ಕಡೆ ಕೆಲಸವಿತ್ತು, ಹಾಗೆಯೇ ನೋಡಿ ಬರೋಣವೆಂದು ಹೋಗಿದ್ದೆ ಎಂದೆ. ಅವರು ಬೆನ್ನು ತಟ್ಟಿದರು. ಅಷ್ಟು ದೊಡ್ಡ ತೂತು, ಅಷ್ಟು ತೆಳು ರಕ್ತ, ಅಷ್ಟು ಹೊತ್ತು ಹೇಗೆ ಉಳಿದಳೋ ಎಂದು ಅವರೂ ಬೆರಗಾದರು. ಕಾಲು ಮಡಚಿದ್ದರಿಂದಲೇ ನಾಳ ಒತ್ತಿಕೊಂಡು ರಕ್ತ ತಡೆದಿರಬಹುದು ಎಂದರು. ಇರಬಹುದು. ನನ್ನ ಕೈಯನ್ನು ನರಗಳ ಡಾಕ್ಟರರಿಗೆ ತೋರಿಸಿದೆ. ಯಂತ್ರಕ್ಕೆ ಹಚ್ಚಿ ನೋಡಿ ಏನೂ ಇಲ್ಲ ಎಂದರು. ಪೂಜೆಗೆ ಹೂಂ ಎಂದ ತಪ್ಪು ನನ್ನದೆಂದು ರುದ್ರಪ್ಪನವರ ಮುಂದೆ ಒಪ್ಪಿಕೊಂಡೆ. ಅವರು, "ಬಿಡ್ರಿ ಬ್ರದರ್, ಆಕಿ ಹಟಮಾರಿ. ನೀವು ಬ್ಯಾಡಂದಿದ್ರೂ ಮಾಡಾಕೀನ," ಎಂದು ನನ್ನ ಕೈ ಹಿಡಿದುಕೊಂಡರು. ಈಗ ಮನೆಗೆ ಹೊರಟ ಪ್ರತಿಯೊಬ್ಬರ ಮುಂದೆ ನಾನೇ ನೆಲದ ಮೇಲೆ ಪಟಗಾಲು ಹಾಕಿ ಕೂತು, ಹೀಗೆ ಕೂಡಬಾರದು ಎಂದು ತೋರಿಸುತ್ತೇನೆ. ವಾರ್ಡಿನವರು ನಗುತ್ತಾರೆ, ನಗಲಿ.

ಒಂದು ತಿಂಗಳ ಮೇಲೆ ಗಂಡಹೆಂಡತಿ ತಪಾಸಣೆಗೆ ಬಂದರು. ನೀಲವ್ವನ ಮುಖಕ್ಕೆ ಬಣ್ಣ ಮರಳಿತ್ತು. ನನಗೆಂದು ಶೇಂಗಾದ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು. ರುದ್ರಪ್ಪನವರು ಗುಳಿಗೆ ತರಲು ಹೋಗುವವರೆಗೆ ಅದೂ ಇದೂ ಮಾತಾಡಿದಳು. ಅವರು ಆಚೆ ಹೋದ ಮೇಲೆ ಬೆಂಚಿನ ಮೇಲೆ ನನ್ನ ಹತ್ತಿರ ಸರಿದಳು.

"ತಮ್ಮಾ, ಅವತ್ತ ಅಷ್ಟೊತ್ತು ನನ್ನ ಹಿಡಕೊಂಡಿದ್ದಿ. ನನಗ ಗೊತ್ತಾಗತಿತ್ತು. ಗೂಡ್ಸ್ ಗಾಡಿ ಬಂತ ನೋಡು, ಆವಾಗ ಯಾಕ ಬಿಟ್ಟಿ?"

ನಾನು ಹೋಳಿಗೆಯ ಗಂಟನ್ನು ಬೆಂಚಿನ ಮೇಲಿಟ್ಟೆ.

"ಆವಾಗ ನಾ ನಿಮ್ಮ ಮನ್ಯಾಗ ಇರಲೇ ಇಲ್ರಿ ಅವ್ವಾರ," ಎಂದೆ.

"ಇರಲಿಲ್ಲ ಅನ್ನೂದು ನನಗೂ ಗೊತ್ತೈತಿ. ಯಾಕ ಬಿಟ್ಟಿ ಅಂತ ಕೇಳಿದ್ನಿ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಮನೆಯ ಮಗನನ್ನು ಕೇಳುವ ಹಾಗೆ ಕೇಳಿದ್ದಳು. ಅಷ್ಟರಲ್ಲಿ ರುದ್ರಪ್ಪನವರು ಬಂದರು. ಆಕೆ ಎದ್ದು, ಸೆರಗು ಸರಿಮಾಡಿಕೊಂಡು, ಬರತೀನಿ ತಮ್ಮಾ ಎಂದು ಹೋದಳು. ಆಮೇಲೂ ಎಷ್ಟೋ ಸಲ ಬಂದಿದ್ದಾಳೆ. ಮತ್ತೆ ಆ ಮಾತು ಎತ್ತಿಲ್ಲ, ನಾನು ಹೇಳಲಿ ಎಂದು ಕಾಯುತ್ತಿರುವಂತೆ ನನ್ನ ಮುಖ ಮಾತ್ರ ನೋಡುತ್ತಾಳೆ.

ಅವತ್ತು ನನ್ನ ಬೆರಳಿಗೆ ತಾಗಿದ್ದು ಏನು, ಅದು ಹೇಗೆ ಬಂತು, ನನಗೆ ಇವತ್ತಿಗೂ ತಿಳಿಯದು. ತಿಳಿದವರು ಯಾರಾದರೂ ಇದ್ದರೆ ಹೇಳಲಿ, ಮುಖದ ನೀರಿಳಿಸದೆ ಕೇಳುತ್ತೇನೆ. ಆದರೆ ನೀಲವ್ವ ಕೇಳಿದ್ದು ಅದನ್ನಲ್ಲ. ಆಕೆ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇದೆ. ಪರೀಕ್ಷೆ ಮಾಡಿ ನೋಡಲು ಬಿಟ್ಟೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಟ್ರ್ಯಾಕ್ಟರಿನ ಮೇಲಿನ ನಾಲ್ಕು ಮಂದಿ ನಕ್ಕರು, ಅದಕ್ಕೆ ಬಿಟ್ಟೆ.